'ವಿಶ್ವಸಂಸ್ಥೆ ಹೇಳಿದೆ' ಅಂದ್ರೆ, ಹೇಳಿದ್ದು ಯಾರು?

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಚಾನೆಲ್‌ನಲ್ಲಿ ರಾತ್ರಿ ಒಂಬತ್ತರ ಕಾರ್ಯಕ್ರಮಕ್ಕೆ ಕೂತಿದ್ದೆ. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ದೊಡ್ಡ ಅಕ್ಷರ: 'ಭಾರತಕ್ಕೆ ವಿಶ್ವಸಂಸ್ಥೆ ಛೀಮಾರಿ'. ನಾಲ್ಕು ಜನ ಅತಿಥಿಗಳು, ನಲವತ್ತು ನಿಮಿಷ ಚರ್ಚೆ. ಒಬ್ಬರು 'ದೇಶದ ಮಾನ ಹೋಯ್ತು' ಅಂದರು. ಇನ್ನೊಬ್ಬರು 'ನಮಗೆ ಹೇಳೋಕೆ ವಿಶ್ವಸಂಸ್ಥೆ ಯಾರು' ಅಂದರು. ನಾನು ಇಬ್ಬರ ನಡುವೆ ನಿಂತು ಇಬ್ಬರಿಗಿಂತ ಜೋರಾಗಿ ಕೂಗಿದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಒಂದು ಫೋನ್ ಬಂತು. ಹಾಸನದ ಕಡೆಯ ನಿವೃತ್ತ ಮೇಷ್ಟ್ರು.

"ಸ್ವಾಮಿ, ನಿನ್ನೆ ವಿಶ್ವಸಂಸ್ಥೆ ಛೀಮಾರಿ ಹಾಕ್ತು ಅಂದ್ರಲ್ಲ, ಅದರಲ್ಲಿ ಯಾರು ಹಾಕಿದ್ದು?"

"ಸಾರ್, ವಿಶ್ವಸಂಸ್ಥೆನೇ ಸಾರ್."

"ಅದೇ ಕೇಳ್ತಾ ಇರೋದು. ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವನು. 'ವಿಶ್ವಸಂಸ್ಥೆಯ ಪ್ರಧಾನ ಅಂಗಗಳನ್ನು ಹೆಸರಿಸಿ' ಅಂತ ಪ್ರಶ್ನೆ ಕೊಟ್ರೆ ಹಳ್ಳಿ ಮಕ್ಕಳು ಆರನ್ನೂ ಬರೀತಿದ್ರು. ನೀವು ನಲವತ್ತು ನಿಮಿಷದಲ್ಲಿ ಒಂದರ ಹೆಸರೂ ಹೇಳಲಿಲ್ಲ. ಸೊನ್ನೆ ಕೊಟ್ಟಿದ್ದೀನಿ ನಿಮಗೆ."

ಫೋನ್ ಇಟ್ಟ ಮೇಲೆ ಡೆಸ್ಕ್‌ನಿಂದ ಮೂಲ ಏಜೆನ್ಸಿ ಕಾಪಿ ತರಿಸಿ ಓದಿದೆ. ನಾಲ್ಕನೇ ಪ್ಯಾರಾದಲ್ಲಿ ಸತ್ಯ ಕೂತಿತ್ತು. ಹೇಳಿಕೆ ಕೊಟ್ಟಿದ್ದು ಒಬ್ಬ 'ವಿಶೇಷ ವರದಿಗಾರ'. ಅಂದರೆ, ಜಿನೀವಾದಲ್ಲಿರುವ ಮಾನವ ಹಕ್ಕುಗಳ ಮಂಡಳಿ ಒಂದು ವಿಷಯದ ಅಧ್ಯಯನಕ್ಕೆ ನೇಮಿಸುವ ಸ್ವತಂತ್ರ ತಜ್ಞ. ಅವರು ವಿಶ್ವಸಂಸ್ಥೆಯ ನೌಕರರಲ್ಲ, ಸಂಬಳವೂ ಇಲ್ಲ. ಮಾತಾಡುವುದು ತಮ್ಮ ವೈಯಕ್ತಿಕ ನೆಲೆಯಲ್ಲಿ. ಆ ಮಾತಿಗೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಎಷ್ಟೋ ಸಲ ಸರ್ಕಾರಗಳು ಮುಚ್ಚಿಟ್ಟಿದ್ದನ್ನು ಹೊರಗೆ ತೆಗೆಯೋದು ಇಂಥವರೇ. ಆದರೆ ಅದು 193 ದೇಶಗಳ ತೀರ್ಮಾನ ಅಲ್ಲ. ಒಬ್ಬರ ಅಭಿಪ್ರಾಯಕ್ಕೆ ನಾನು ಇಡೀ ಜಗತ್ತಿನ ಮುದ್ರೆ ಒತ್ತಿಬಿಟ್ಟಿದ್ದೆ.

ಮೇಷ್ಟ್ರು ಕೇಳಿದ ಪ್ರಶ್ನೆಗೆ ಇವತ್ತು ಸರಿಯಾಗಿ ಉತ್ತರ ಬರೀತೀನಿ.

ವಿಶ್ವಸಂಸ್ಥೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ನ್ಯೂಯಾರ್ಕ್‌ನ ಎತ್ತರದ ಗಾಜಿನ ಕಟ್ಟಡ. ಅದೊಂದು ಜಾಗತಿಕ ಸರ್ಕಾರ, ಅದಕ್ಕೊಬ್ಬ ಯಜಮಾನ ಅಂತ ಅಂದುಕೊಳ್ತೀವಿ. ನನ್ನ ಪ್ರಕಾರ ಅದನ್ನು ಹಳೇ ಬೆಂಗಳೂರಿನ ವಠಾರದ ಥರ ನೋಡಬೇಕು. ಗೇಟು ಒಂದೇ, ಬೋರ್ಡು ಒಂದೇ. ಒಳಗೆ ಹೋದರೆ ಬೇರೆ ಬೇರೆ ಮನೆ, ಬೇರೆ ಬೇರೆ ಒಲೆ. ಒಂದು ಮನೆಯವರು ಹೇಳಿದ್ದಕ್ಕೆ ಇನ್ನೊಂದು ಮನೆಯವರು ಜವಾಬ್ದಾರರಲ್ಲ.

ಈ ವಠಾರದ ಕರಾರು ಪತ್ರ ಅಂದರೆ ವಿಶ್ವಸಂಸ್ಥೆಯ ಸನ್ನದು. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿ ಬಿತ್ತು, ಅಕ್ಟೋಬರ್ 24ರಂದು ಜಾರಿಗೆ ಬಂತು. ಆಗ ನಮಗೆ ಸ್ವಾತಂತ್ರ್ಯ ಬಂದಿರಲಿಲ್ಲ. ಆದರೂ 51 ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಮುಖ್ಯರು. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಮರುವರ್ಷ ಮೈಸೂರಿನ ದಿವಾನರಾಗಿ ಬಂದವರು ಅವರೇ. ಮೈಸೂರು ಸಂಸ್ಥಾನದ ಕೊನೆಯ ದಿವಾನರು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊಟ್ಟಮೊದಲ ಅಧ್ಯಕ್ಷರೂ ಅವರೇ.

ಈಗ ಒಂದೊಂದೇ ಬಾಗಿಲು ತಟ್ಟೋಣ.

ಮೊದಲನೆಯದು ಸಾಮಾನ್ಯ ಸಭೆ. ಇದು ಊರ ಗ್ರಾಮಸಭೆ ಇದ್ದ ಹಾಗೆ. 193 ದೇಶ, ಒಂದೊಂದಕ್ಕೂ ಒಂದೊಂದು ಮತ. 140 ಕೋಟಿ ಜನರ ಭಾರತಕ್ಕೂ ಒಂದೇ ಮತ, ಹತ್ತು ಸಾವಿರ ಚಿಲ್ಲರೆ ಜನ ಇರುವ ತುವಾಲುಗೂ ಒಂದೇ ಮತ. ವಿಶ್ವಸಂಸ್ಥೆಯ ಬಜೆಟ್ ಪಾಸು ಮಾಡೋದು, ಯಾವ ದೇಶ ಎಷ್ಟು ವಂತಿಗೆ ಕೊಡಬೇಕು ಅಂತ ನಿಗದಿ ಮಾಡೋದು ಈ ಸಭೆಯೇ. ಎರಡು ವರ್ಷದಷ್ಟು ಬಾಕಿ ಉಳಿಸಿಕೊಂಡ ದೇಶದ ಮತದ ಹಕ್ಕನ್ನೇ ಕಿತ್ತುಕೊಳ್ಳಬಹುದು. ಆದರೆ ಯುದ್ಧ-ಶಾಂತಿ ವಿಷಯಕ್ಕೆ ಬಂದರೆ ಅದರ ನಿರ್ಣಯ ಬರೀ ಶಿಫಾರಸು. ಪಾಲಿಸಲೇಬೇಕು ಅಂತೇನಿಲ್ಲ.

ಎರಡನೆಯದು ಭದ್ರತಾ ಮಂಡಳಿ. ಇಲ್ಲಿ 15 ಸದಸ್ಯರು. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್, ಈ ಐವರದು ಕಾಯಂ ಕುರ್ಚಿ. ಉಳಿದ 10 ದೇಶಗಳು ಎರಡೆರಡು ವರ್ಷಕ್ಕೆ ಆರಿಸಿ ಬರೋರು. ಭಾರತ ಇದುವರೆಗೆ ಎಂಟು ಸಲ ಹಾಗೆ ಆರಿಸಿ ಬಂದಿದೆ. ಒಂದು ನಿರ್ಣಯ ಪಾಸಾಗಲು 9 ಮತ ಬೇಕು. ಆದರೆ ಕಾಯಂ ಐವರಲ್ಲಿ ಒಬ್ಬರು 'ಬೇಡ' ಅಂದರೂ ಉಳಿದ 14 ಮತ ನೀರುಪಾಲು. ಇದೇ ವಿಟೊ. ವಿಚಿತ್ರ ಅಂದರೆ ಸನ್ನದಿನಲ್ಲಿ 'ವಿಟೊ' ಅನ್ನೋ ಪದವೇ ಇಲ್ಲ. 'ಕಾಯಂ ಸದಸ್ಯರ ಒಪ್ಪಿಗೆಯ ಮತಗಳೂ ಸೇರಿರಬೇಕು' ಅಂತ ಮೆತ್ತಗೆ ಬರೆದಿದ್ದಾರೆ, ಅಷ್ಟೇ. ಈ ಮಂಡಳಿಯ ತೀರ್ಮಾನಗಳನ್ನು ಒಪ್ಪಿ ನಡೆಯುವುದಾಗಿ ಎಲ್ಲ ಸದಸ್ಯ ದೇಶಗಳೂ ಸನ್ನದಿನಲ್ಲೇ ಮಾತು ಕೊಟ್ಟಿವೆ. ಆರ್ಥಿಕ ನಿರ್ಬಂಧ ಹೇರೋದು, ಸೇನೆ ಬಳಸಲು ಅನುಮತಿ ಕೊಡೋದು, ಎಲ್ಲ ಇಲ್ಲಿಂದಲೇ.

ಈ ಎರಡು ಮನೆಗಳ ನಡುವಿನ ವ್ಯತ್ಯಾಸ ತಿಳಿಯೋಕೆ ನಮ್ಮದೇ ಇತಿಹಾಸ ನೋಡಿ. 1971ರ ಡಿಸೆಂಬರ್. ಬಾಂಗ್ಲಾ ವಿಮೋಚನೆಯ ಯುದ್ಧ. 'ಕದನ ವಿರಾಮ ಮಾಡಿ, ಸೈನ್ಯ ವಾಪಸ್ ಕರೆಸಿಕೊಳ್ಳಿ' ಅನ್ನೋ ನಿರ್ಣಯ ಭದ್ರತಾ ಮಂಡಳಿಗೆ ಬಂತು. 11 ದೇಶಗಳು ಪರವಾಗಿ ಮತ ಹಾಕಿದವು. ಸೋವಿಯತ್ ಒಕ್ಕೂಟ ವಿಟೊ ಹಾಕ್ತು. ನಿರ್ಣಯ ಬಿದ್ದು ಹೋಯ್ತು. ಆ ಯುದ್ಧದಲ್ಲಿ ಸೋವಿಯತ್ ಹೀಗೆ ಮೂರು ಸಲ ವಿಟೊ ಹಾಕಿತು. ಮಧ್ಯದಲ್ಲಿ, ಡಿಸೆಂಬರ್ 7ರಂದು, ವಿಷಯ ಸಾಮಾನ್ಯ ಸಭೆಗೆ ಹೋಯ್ತು. ಅಲ್ಲಿ ಕದನ ವಿರಾಮದ ಪರ 104 ಮತ, ವಿರುದ್ಧ ಬರೀ 11, ತಟಸ್ಥ 10. ಜಗತ್ತಿನ ಬಹುಮತ ನಮ್ಮ ಸೇನೆ ನಿಲ್ಲಬೇಕು ಅಂತ ಹೇಳಿತ್ತು. ಆದರೆ ಹೇಳಿದ್ದು ಸಾಮಾನ್ಯ ಸಭೆ. ಅದು ಶಿಫಾರಸು. ಯುದ್ಧ ಮುಂದುವರಿಯಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, ಬಾಂಗ್ಲಾದೇಶ ಹುಟ್ಟಿತು.

ಒಂದು ಕಡೆ 104 ದೇಶ, ಇನ್ನೊಂದು ಕಡೆ ಒಂದೇ ಒಂದು ಕೈ. ಆ ಒಂದು ಕೈ ಎತ್ತಿದ ಮನೆ ಯಾವುದು ಅನ್ನೋದರ ಮೇಲೆ ಎಲ್ಲ ನಿಂತಿತ್ತು.

ಅದಕ್ಕೂ ಹತ್ತು ವರ್ಷ ಮೊದಲು, 1961ರಲ್ಲಿ, ನಮ್ಮ ಕಾರವಾರದ ಪಕ್ಕದ ಗೋವಾಕ್ಕೆ ಭಾರತದ ಸೇನೆ ನುಗ್ಗಿದಾಗಲೂ ಇದೇ ಆಯ್ತು. ಭಾರತ ಹಿಂದೆ ಸರಿಯಬೇಕು ಅನ್ನೋ ನಿರ್ಣಯಕ್ಕೆ 7 ಮತ ಪರ, 4 ವಿರುದ್ಧ. ಆ ನಾಲ್ಕರಲ್ಲಿ ಒಂದು ಸೋವಿಯತ್ ಮತ. ಅಲ್ಲಿಗೆ ಮುಗೀತು. ವಿಟೊ ಅನ್ಯಾಯ ಅಂತ ಇವತ್ತು ನಾವು ಹೇಳ್ತೀವಿ, ಸರಿಯಾಗೇ ಹೇಳ್ತೀವಿ. ಆದರೆ ಆ ಅನ್ಯಾಯದ ಲಾಭವನ್ನು ನಾವೂ ಉಂಡಿದ್ದೀವಿ ಅನ್ನೋದನ್ನು ಮರೆಯೋದು ಬೇಡ.

ನಷ್ಟವನ್ನೂ ಉಂಡಿದ್ದೀವಿ. ಜೈಶ್-ಎ-ಮೊಹಮ್ಮದ್‌ನ ಮಸೂದ್ ಅಜರ್ ಹೆಸರನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಲು ಭಾರತ 2009ರಿಂದ ಪ್ರಯತ್ನಿಸಿತು. ಪಟ್ಟಿ ಮಾಡೋದು ಭದ್ರತಾ ಮಂಡಳಿಯ ಒಂದು ನಿರ್ಬಂಧ ಸಮಿತಿ. ಅಲ್ಲಿ ಎಲ್ಲ 15 ಸದಸ್ಯರೂ ಒಪ್ಪಬೇಕು. ಚೀನಾ ಮತ್ತೆ ಮತ್ತೆ ಅಡ್ಡಗಾಲು ಹಾಕಿತು. ಪುಲ್ವಾಮಾ ದಾಳಿ ನಡೆದ ಮೇಲೆ, 2019ರ ಮೇ 1ರಂದು, ಕೊನೆಗೂ ಚೀನಾ ಕಾಲು ತೆಗೀತು, ಹೆಸರು ಪಟ್ಟಿ ಸೇರಿತು. ಆ ಹತ್ತು ವರ್ಷ ನಾವು ಟಿವಿಯವರು 'ವಿಶ್ವಸಂಸ್ಥೆ ಏನು ಮಾಡ್ತಿದೆ' ಅಂತ ಕೇಳ್ತಿದ್ವಿ. ವಿಶ್ವಸಂಸ್ಥೆ ಅಲ್ಲ ಸ್ವಾಮಿ, ಒಂದು ಸಮಿತಿಯಲ್ಲಿ ಒಂದು ದೇಶ.

ಇನ್ನೊಂದು ಹೆಡ್‌ಲೈನ್ ಇದೆ: 'ಭದ್ರತಾ ಮಂಡಳಿಗೆ ಭಾರತ ಅಧ್ಯಕ್ಷ'. 2021ರ ಆಗಸ್ಟ್‌ನಲ್ಲಿ ಇದನ್ನು ಎಷ್ಟು ಸಂಭ್ರಮದಿಂದ ಓದಿದ್ದೀವಿ! ಖುಷಿ ಪಡೋಣ, ತಪ್ಪಿಲ್ಲ. ಆದರೆ ಆ ಕುರ್ಚಿ ತಿಂಗಳಿಗೊಂದು ದೇಶದಂತೆ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸುತ್ತುತ್ತದೆ. ಅದು ಬಿರುದಲ್ಲ, ಸರದಿ. ಹಾಗಂತ ಸರದಿಯಲ್ಲಿ ಸಿಕ್ಕ ಕುರ್ಚಿಯೂ ಕೆಲವೊಮ್ಮೆ ಬಿಸಿಯಾಗಿರುತ್ತದೆ. 1950ರ ಜೂನ್ ತಿಂಗಳು ಆ ಸರದಿ ಭಾರತದ್ದಾಗಿತ್ತು. ಕುರ್ಚಿಯಲ್ಲಿದ್ದವರು ಮಂಗಳೂರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಶುರುವಾಯ್ತು. ಅಂದಿನ ತುರ್ತು ಸಭೆ ನಡೆಸಿದ್ದು ಅವರೇ.

ಇನ್ನು 'ಭಾರತಕ್ಕೆ ಕಾಯಂ ಸ್ಥಾನ ಖಚಿತ' ಅನ್ನೋ ಸುದ್ದಿ. ಯಾವ ದೇಶದ ನಾಯಕರು ದೆಹಲಿಗೆ ಬಂದು ಬೆಂಬಲ ಘೋಷಿಸಿದರೂ ನಾವು ಇದನ್ನು ಓಡಿಸ್ತೀವಿ. ಲೆಕ್ಕ ಏನು ಗೊತ್ತಾ? ಸನ್ನದು ತಿದ್ದಬೇಕು. ಅದಕ್ಕೆ ಸಾಮಾನ್ಯ ಸಭೆಯಲ್ಲಿ ಮೂರನೇ ಎರಡು ಭಾಗ, ಅಂದರೆ 129 ಮತ ಬೇಕು. ಆಮೇಲೆ ಅಷ್ಟೇ ದೇಶಗಳು ತಮ್ಮ ತಮ್ಮ ದೇಶದ ಕಾನೂನಿನ ಪ್ರಕಾರ ಅದನ್ನು ಅಂಗೀಕರಿಸಬೇಕು. ಅದರಲ್ಲಿ ಕಾಯಂ ಐವರೂ ಇರಲೇಬೇಕು. ಚೀನಾ ಕೂಡ. ಭದ್ರತಾ ಮಂಡಳಿಯನ್ನು ಹಿಗ್ಗಿಸಿದ್ದು ಒಂದೇ ಸಲ, 1965ರಲ್ಲಿ, 11ರಿಂದ 15ಕ್ಕೆ. ಅದೂ ಕಾಯಂ ಅಲ್ಲದ ಸ್ಥಾನಗಳನ್ನು ಮಾತ್ರ. ಸನ್ನದು ಎಷ್ಟು ಜಡ ಅಂದರೆ, ಸೋವಿಯತ್ ಒಕ್ಕೂಟ ಒಡೆದು 30 ವರ್ಷ ದಾಟಿದೆ, ಕಾಯಂ ಸದಸ್ಯರ ಪಟ್ಟಿಯಲ್ಲಿ ಇವತ್ತಿಗೂ ಅದರ ಹೆಸರೇ ಇದೆ.

ಮೂರನೇ ಮನೆ ಸಚಿವಾಲಯ, ಅದರ ಮುಖ್ಯಸ್ಥರು ಪ್ರಧಾನ ಕಾರ್ಯದರ್ಶಿ. ಟಿವಿಯಲ್ಲಿ ನಾವು ಅತಿ ಹೆಚ್ಚು ತೋರಿಸುವ ಮುಖ ಇವರದೇ. ಆದರೆ ಇವರು ಜಗತ್ತಿನ ಪ್ರಧಾನಿ ಅಲ್ಲ, ಮುಖ್ಯ ಆಡಳಿತಾಧಿಕಾರಿ. ಇವರನ್ನು ನೇಮಿಸೋದು ಸಾಮಾನ್ಯ ಸಭೆ, ಆದರೆ ಹೆಸರು ಸೂಚಿಸೋದು ಭದ್ರತಾ ಮಂಡಳಿ. ಹಾಗಾಗಿ ಇಲ್ಲೂ ವಿಟೊ ಇದೆ. 2006ರಲ್ಲಿ ನಮ್ಮ ಶಶಿ ತರೂರ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನದಲ್ಲಿದ್ದರು. ಮಂಡಳಿಯ ಕೊನೆಯ ಅನೌಪಚಾರಿಕ ಮತದಾನದಲ್ಲಿ ಒಬ್ಬ ಕಾಯಂ ಸದಸ್ಯರ ವಿರೋಧ ಬಂತು. ಅವರು ಕಣದಿಂದ ಹಿಂದೆ ಸರಿದರು.

ಇವರ ಕೈಲಿ ಸೈನ್ಯವೂ ಇಲ್ಲ. ನೀಲಿ ಟೋಪಿಯ ಶಾಂತಿಪಾಲನಾ ಪಡೆ ಇದೆಯಲ್ಲ ಅಂತೀರಾ? ಆ ಸೈನಿಕರು ಸದಸ್ಯ ದೇಶಗಳು ಕಳಿಸಿಕೊಟ್ಟವರು. ಎಲ್ಲಿಗೆ ಹೋಗಬೇಕು, ಏನು ಮಾಡಬಹುದು ಅಂತ ತೀರ್ಮಾನಿಸೋದು ಭದ್ರತಾ ಮಂಡಳಿ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ ನಿವೃತ್ತಿಯ ನಂತರ 1964ರಲ್ಲಿ ಸೈಪ್ರಸ್‌ಗೆ ಹೋಗಿ ಇಂಥ ಪಡೆಯ ಮುಖ್ಯಸ್ಥರಾದರು. ಗ್ರೀಕರು, ತುರ್ಕರ ಜಗಳದ ನಡುವೆ ನಿಲ್ಲುವ ಕೆಲಸ. 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಶಾಂತಿಪಾಲನೆಯಲ್ಲಿ ಅತಿ ಹೆಚ್ಚು ಯೋಧರನ್ನು ಕಳೆದುಕೊಂಡ ದೇಶ ಭಾರತ. ಅಂದರೆ ಕಾಯಂ ಕುರ್ಚಿ ಇಲ್ಲದಿದ್ದರೂ ಪ್ರಾಣ ಕೊಡುವ ಸಾಲಿನಲ್ಲಿ ನಾವು ಮುಂದೆ ನಿಂತಿದ್ದೇವೆ.

ನಾಲ್ಕನೆಯದು ಅಂತಾರಾಷ್ಟ್ರೀಯ ನ್ಯಾಯಾಲಯ. ಪ್ರಧಾನ ಅಂಗಗಳಲ್ಲಿ ನ್ಯೂಯಾರ್ಕ್ ಬಿಟ್ಟು ಹೊರಗಿರುವುದು ಇದೊಂದೇ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. 15 ನ್ಯಾಯಾಧೀಶರು, 9 ವರ್ಷದ ಅವಧಿ. ಇಲ್ಲಿ ದೇಶದ ಮೇಲೆ ದೇಶ ಮಾತ್ರ ದಾವೆ ಹೂಡಬಹುದು, ನಾನೋ ನೀವೋ ಹೋಗೋಕಾಗಲ್ಲ. ಕುಲಭೂಷಣ್ ಜಾಧವ್ ಪ್ರಕರಣ ನೆನಪಿದೆಯಲ್ಲ? 2019ರ ಜುಲೈ 17ರಂದು ತೀರ್ಪು ಬಂತು. ಪಾಕಿಸ್ತಾನ ಭಾರತೀಯ ರಾಜತಾಂತ್ರಿಕರ ಭೇಟಿಗೆ ಅವಕಾಶ ಕೊಡದೆ ವಿಯೆನ್ನಾ ಒಪ್ಪಂದ ಮುರಿದಿದೆ, ಶಿಕ್ಷೆಯನ್ನು ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲು ಕೂಡದು ಅಂತ. ದೊಡ್ಡ ಗೆಲುವು, ನಿಜ. ಆದರೆ ಬಿಡುಗಡೆ ಮಾಡಿ ಅನ್ನೋ ಭಾರತದ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಈ ಎರಡನೇ ವಾಕ್ಯವನ್ನು ಅವತ್ತು ಎಷ್ಟು ಚಾನೆಲ್‌ಗಳು ಓದಿದವು? ಅಂದಹಾಗೆ ಅದೇ ಹೇಗ್‌ನಲ್ಲಿ ಇನ್ನೊಂದು ಕೋರ್ಟ್ ಇದೆ, ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ. ವ್ಯಕ್ತಿಗಳನ್ನು ವಿಚಾರಣೆ ಮಾಡುವ ಆ ಕೋರ್ಟ್ ವಿಶ್ವಸಂಸ್ಥೆಯ ಅಂಗವೇ ಅಲ್ಲ. ನಾವು ಎರಡನ್ನೂ ಕಲಸಿಬಿಡ್ತೀವಿ.

ಐದನೆಯದು ಧರ್ಮದರ್ಶಿ ಮಂಡಳಿ. ವಸಾಹತುಗಳನ್ನು ಸ್ವಾತಂತ್ರ್ಯದ ಕಡೆಗೆ ನಡೆಸಲು ಹುಟ್ಟಿದ್ದು. ಕೊನೆಯ ಪ್ರದೇಶ ಪಲಾವು 1994ರಲ್ಲಿ ಸ್ವತಂತ್ರವಾಯ್ತು, ಮಂಡಳಿ ಬಾಗಿಲು ಹಾಕಿತು. ಕೆಲಸ ಮುಗಿಸಿ ಸುಮ್ಮನಾದ ಸರ್ಕಾರಿ ಕಚೇರಿ ಜಗತ್ತಿನಲ್ಲಿ ಇದೊಂದೇ ಇರಬೇಕು!

ಆರನೆಯದು ನಮ್ಮ ದಿವಾನ ಮುದಲಿಯಾರರು ಮೊದಲು ಅಧ್ಯಕ್ಷರಾಗಿದ್ದ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ. 54 ಸದಸ್ಯರು. ಈ ಮಂಡಳಿ ಸುದ್ದಿ ಮಾಡೋದು ಕಮ್ಮಿ. ಆದರೆ ನಮ್ಮ ದಿನನಿತ್ಯದ ಬದುಕಿಗೆ ಹತ್ತಿರದ ಮನೆಗಳು ಇದರ ಹಿಂದಿನ ಓಣಿಯಲ್ಲಿವೆ.

ಅವೇ ವಿಶೇಷ ಸಂಸ್ಥೆಗಳು, ಒಟ್ಟು 15. ಆರೋಗ್ಯಕ್ಕೆ ಜಿನೀವಾದ ಡಬ್ಲ್ಯೂಎಚ್‌ಒ, ಆಹಾರ-ಕೃಷಿಗೆ ರೋಮ್‌ನ ಎಫ್‌ಎಒ, ಶಿಕ್ಷಣ-ಸಂಸ್ಕೃತಿಗೆ ಪ್ಯಾರಿಸ್‌ನ ಯುನೆಸ್ಕೋ, ಕಾರ್ಮಿಕರಿಗೆ ಐಎಲ್‌ಒ, ವಿಮಾನಯಾನಕ್ಕೆ ಮಾಂಟ್ರಿಯಲ್‌ನ ಐಸಿಎಒ. ವಿಶ್ವಬ್ಯಾಂಕ್, ಐಎಂಎಫ್ ಕೂಡ ಇದೇ ಪಟ್ಟಿಯಲ್ಲಿವೆ. ಕೆಲವಂತೂ ವಿಶ್ವಸಂಸ್ಥೆಗಿಂತ ಹಳೆಯವು. ದೂರಸಂಪರ್ಕ ಒಕ್ಕೂಟ 1865ರದ್ದು, ಅಂಚೆ ಒಕ್ಕೂಟ 1874ರದ್ದು. ನೀವು ಅಮೆರಿಕದಲ್ಲಿರುವ ಮಗಳಿಗೆ ಭಾರತದ ಅಂಚೆಚೀಟಿ ಅಂಟಿಸಿ ಪತ್ರ ಹಾಕಿದರೆ ಅಲ್ಲಿನ ಪೋಸ್ಟ್‌ಮ್ಯಾನ್ ಮನೆಗೆ ತಲುಪಿಸುತ್ತಾನಲ್ಲ, ಅದು ಈ ಒಕ್ಕೂಟದ ಒಪ್ಪಂದದ ಫಲ. ನಿಮ್ಮ ಮೊಬೈಲ್ ನಂಬರಿನ ಹಿಂದಿನ 91 ಕೊಟ್ಟಿದ್ದು ದೂರಸಂಪರ್ಕ ಒಕ್ಕೂಟ.

ಇವಕ್ಕೆಲ್ಲ ಪ್ರತ್ಯೇಕ ಸಂವಿಧಾನ, ಪ್ರತ್ಯೇಕ ಸದಸ್ಯತ್ವ, ಪ್ರತ್ಯೇಕ ಬಜೆಟ್. ಪ್ಯಾಲೆಸ್ತೀನ್ 2011ರಿಂದ ಯುನೆಸ್ಕೋದ ಪೂರ್ಣ ಸದಸ್ಯ, ಆದರೆ ವಿಶ್ವಸಂಸ್ಥೆಯಲ್ಲಿ ಬರೀ ವೀಕ್ಷಕ. ಅಮೆರಿಕ 1984ರಲ್ಲಿ ಯುನೆಸ್ಕೋ ಬಿಟ್ಟಿತು, 2003ರಲ್ಲಿ ಸೇರಿತು, 2018ರ ಕೊನೆಗೆ ಮತ್ತೆ ಬಿಟ್ಟಿತು, 2023ರಲ್ಲಿ ಮತ್ತೆ ಸೇರಿತು, 2025ರಲ್ಲಿ ಮತ್ತೆ ಬಿಡ್ತೀನಿ ಅಂದಿತು. ಇಷ್ಟೆಲ್ಲ ಆದರೂ ಭದ್ರತಾ ಮಂಡಳಿಯ ಕುರ್ಚಿ ಮಾತ್ರ ಅಲುಗಾಡಲಿಲ್ಲ. ಯುನಿಸೆಫ್, ವಿಶ್ವ ಆಹಾರ ಕಾರ್ಯಕ್ರಮ, ನಿರಾಶ್ರಿತರ ಸಂಸ್ಥೆ ಇವು ಬೇರೆ ಬಗೆ. ಸಾಮಾನ್ಯ ಸಭೆಯ ಕೆಳಗೆ ಬರುವ ಇವು ನಡೆಯೋದು ಬಹುಪಾಲು ಸ್ವಯಂಪ್ರೇರಿತ ದೇಣಿಗೆಯಿಂದ. ದೊಡ್ಡ ದೇಶವೊಂದು ಕೈ ಬಿಗಿ ಹಿಡಿದರೆ ಶಿಬಿರಗಳಲ್ಲಿ ಊಟದ ಪ್ರಮಾಣವೇ ಕಡಿಮೆಯಾಗುತ್ತದೆ.

ಯುನೆಸ್ಕೋ ಅಂದಾಗ ನೆನಪಾಯ್ತು. 'ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ' ಅನ್ನೋ ಮೆಸೇಜ್ ನಿಮ್ಮ ಮನೆಯ ವಾಟ್ಸಾಪ್ ಗ್ರೂಪ್‌ಗೂ ಬಂದಿರಬೇಕು. ಶುದ್ಧ ಸುಳ್ಳು. ಯುನೆಸ್ಕೋ ಅಂಥ ಸ್ಪರ್ಧೆ ನಡೆಸೋದೇ ಇಲ್ಲ. ನಮ್ಮ ರಾಷ್ಟ್ರಗೀತೆಗೆ ಪ್ಯಾರಿಸ್‌ನ ಸರ್ಟಿಫಿಕೇಟ್ ಬೇಕೂ ಇಲ್ಲ.

ಯುನೆಸ್ಕೋ ನಿಜವಾಗಿ ಮಾಡೋ ಕೆಲಸ ನೋಡಬೇಕಾದರೆ ಹಂಪಿಗೆ ಬನ್ನಿ. 1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಆಮೇಲೆ ತುಂಗಭದ್ರೆಗೆ ಆನೆಗೊಂದಿ ಬಳಿ ಸೇತುವೆ ಕಟ್ಟಲು ಹೊರಟರು. ನದಿ ದಾಟೋಕೆ ಹರಿಗೋಲು ನಂಬಿಕೊಂಡ ಜನಕ್ಕೆ ಸೇತುವೆ ಬೇಕಿತ್ತು, ಅದೂ ನಿಜ. ಆದರೆ ಸ್ಮಾರಕಗಳ ನಡುವೆ ಕಾಂಕ್ರೀಟು ಏಳೋದು ನೋಡಿ 1999ರಲ್ಲಿ ಹಂಪಿಯನ್ನು 'ಅಪಾಯದಲ್ಲಿರುವ ಪರಂಪರೆ' ಪಟ್ಟಿಗೆ ಹಾಕಿದರು. ಹಾಕಿದ್ದು ಯಾರು? 21 ದೇಶಗಳ ವಿಶ್ವ ಪರಂಪರೆ ಸಮಿತಿ. ಅದಕ್ಕೆ ಪೊಲೀಸರಿಲ್ಲ, ದಂಡ ಹಾಕೋ ಅಧಿಕಾರ ಇಲ್ಲ. ಆದರೂ ಕಾಮಗಾರಿಗೆ ತಡೆ ಬಿತ್ತು, ನಿರ್ವಹಣಾ ಯೋಜನೆ ಬಂತು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಬಲವಂತ ಇಲ್ಲದೆ, ಬರೀ ಮರ್ಯಾದೆಯ ಮಾತಿನಿಂದ ಒಂದು ಸರ್ಕಾರ ಬಗ್ಗಿದ ಉದಾಹರಣೆ ಇದು. ವಿಶ್ವಸಂಸ್ಥೆಯ ಹೆಚ್ಚಿನ ಕೆಲಸ ನಡೆಯೋದು ಹೀಗೆಯೇ.

ಇಷ್ಟಕ್ಕೆಲ್ಲ ದುಡ್ಡೆಷ್ಟು? 2025ರಲ್ಲಿ ವಿಶ್ವಸಂಸ್ಥೆಯ ಮೂಲ ಬಜೆಟ್ 372 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 32 ಸಾವಿರ ಕೋಟಿ ರೂಪಾಯಿ ಆಸುಪಾಸು. ಶಾಂತಿಪಾಲನೆ ಮತ್ತು ಈ ಸಂಸ್ಥೆಗಳ ಖರ್ಚು ಬೇರೆ. ಅದೇ ವರ್ಷ ಕರ್ನಾಟಕ ಸರ್ಕಾರದ ಬಜೆಟ್ 4 ಲಕ್ಷ ಕೋಟಿ ದಾಟಿತ್ತು. ನಮ್ಮ ಒಂದು ರಾಜ್ಯದ ಬಜೆಟ್ಟಿನ ಹತ್ತನೇ ಒಂದು ಭಾಗವೂ ಇಲ್ಲ! ಅದರಲ್ಲಿ ಶೇ. 22 ಅಮೆರಿಕದ ಪಾಲು, ಸುಮಾರು ಶೇ. 20 ಚೀನಾದ್ದು, ಭಾರತದ್ದು ಶೇ. 1ರ ಆಸುಪಾಸು. ಈ ದುಡ್ಡಿನಲ್ಲಿ ಜಗತ್ತಿನ ಯುದ್ಧಗಳನ್ನೆಲ್ಲ ನಿಲ್ಲಿಸಲಿ ಅಂತ ನಾವು ಸ್ಟುಡಿಯೋದಲ್ಲಿ ಕೂತು ಅಪ್ಪಣೆ ಕೊಡ್ತೀವಿ.

ಇದನ್ನೆಲ್ಲ ಯಾಕೆ ತಿಳಿಯಬೇಕು? ಉಕ್ರೇನ್ ಹೊತ್ತಿ ಉರಿಯುವಾಗ 'ವಿಶ್ವಸಂಸ್ಥೆ ವಿಫಲ' ಅಂದುಬಿಟ್ಟರೆ ತಪ್ಪಿಸಿಕೊಳ್ಳೋದು ಯಾರು? ವಿಟೊ ಹಾಕಿದ ದೇಶ. 2022ರ ಫೆಬ್ರವರಿ 25ರಂದು, ತನ್ನದೇ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ ರಷ್ಯಾ ತಾನೇ ವಿಟೊ ಹಾಕಿತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ರಷ್ಯಾದ್ದೇ! ಬೈಗುಳವನ್ನೆಲ್ಲ ಗೇಟಿನ ಬೋರ್ಡಿಗೆ ಹಾಕಿದರೆ ಒಳಗೆ ಬಾಗಿಲು ಹಾಕಿಕೊಂಡವನು ನಗ್ತಾನೆ. ಹಾಗೇ, ಅದೇ ಬೋರ್ಡಿನ ಹೆಸರಲ್ಲಿ ಯಾರೋ ಹೊಗಳಿದರೆ ನಾವು ಉಬ್ಬಿ ಮೋಸ ಹೋಗ್ತೀವಿ.

ಅದಕ್ಕೇ ಈಗ ನಮ್ಮ ನ್ಯೂಸ್‌ರೂಮಿನಲ್ಲಿ ಒಂದು ನಿಯಮ ಮಾಡಿದ್ದೀನಿ. 'ವಿಶ್ವಸಂಸ್ಥೆ' ಅಂತ ಕಾಪಿ ಬಂದರೆ ಮೂರು ಪ್ರಶ್ನೆ ಕೇಳ್ತೀನಿ. ಹೇಳಿದ್ದು ಯಾವ ಮನೆ? ಅದು ಆದೇಶವೋ, ಶಿಫಾರಸೋ, ಒಬ್ಬರ ಅಭಿಪ್ರಾಯವೋ? ಯಾರು ಪರ, ಯಾರು ವಿರುದ್ಧ ಕೈ ಎತ್ತಿದರು? ಉತ್ತರ ಇಲ್ಲದಿದ್ದರೆ ಆ ಸುದ್ದಿ ಕೆಂಪು ಪಟ್ಟಿಗೆ ಹೋಗಲ್ಲ. ನೀವೂ ಮನೆಯಲ್ಲಿ ಕೂತು ಇದೇ ಮೂರು ಪ್ರಶ್ನೆ ಕೇಳಿ. ನಾನು ಉತ್ತರ ಕೊಡದಿದ್ದರೆ ಮೇಷ್ಟ್ರ ಹಾಗೆ ಫೋನ್ ಮಾಡಿ, ಸೊನ್ನೆ ಕೊಡಿ.

ಅಂದಹಾಗೆ ಅವರು ಆಮೇಲೆ ಇನ್ನೊಮ್ಮೆ ಫೋನ್ ಮಾಡಿದ್ದರು. ನಾನು ಸಂಭ್ರಮದಿಂದ ಆರೂ ಅಂಗಗಳ ಹೆಸರು ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು: "ಹೆಸರು ನನ್ನ ಮಕ್ಕಳೂ ಹೇಳ್ತಿದ್ರು ಸ್ವಾಮಿ. ಮುಂದಿನ ಸಲ ಸುದ್ದಿ ಓದುವಾಗ ಹೇಳಿ, ಆಗ ಅಂಕ ಕೊಡ್ತೀನಿ."